ಮೀನಿನ ತೊಟ್ಟಿಗೆ 12 ಸೀಗಡಿ ಬಿಟ್ಟೆ, ಈಗ 4 ಉಳಿದಿವೆ. ಮೀನುಗಳೇ ತಿಂದವಾ?

ಹಸಿರುಗಾಜು
ಎಲ್ಲರಿಗೂ ನಮಸ್ಕಾರ. ನನ್ನದು 2 ಅಡಿ ಉದ್ದದ ಗಿಡದ ತೊಟ್ಟಿ. ಒಳಗೆ ಸುಮಾರು 50 ಲೀಟರ್ ನೀರಿದೆ. ಶುರು ಮಾಡಿ ನಾಲ್ಕು ತಿಂಗಳಾಯಿತು. ಜಾವಾ ಫರ್ನ್, ಅನೂಬಿಯಾಸ್, ಕ್ರಿಪ್ಟೊಕೊರೈನ್ ಇವೆ. ಒಂದು ಮೂಲೆಯಲ್ಲಿ ಎಳೆ ಎಳೆಯಾಗಿ ಹಬ್ಬುವ ಜಾವಾ ಮಾಸ್ ಹಿಡಿಯಷ್ಟು ಇದೆ. ಮೀನು ಅಂದರೆ 10 ನಿಯಾನ್ ಟೆಟ್ರಾ ಮತ್ತು ಒಂದು ಜೋಡಿ ಹನಿ ಗೌರಾಮಿ.

ಆರು ವಾರದ ಹಿಂದೆ 12 ಕೆಂಪು ಚೆರ್ರಿ ಸೀಗಡಿ ತಂದು ಬಿಟ್ಟೆ. ಮೊದಲ ಎರಡು ವಾರ ಎಷ್ಟು ಚೆನ್ನಾಗಿದ್ದವು ಎಂದರೆ, ನನ್ನ ಮಗಳು ದಿನಾ ಸಂಜೆ ತೊಟ್ಟಿ ಮುಂದೆ ಕೂತು ಎಣಿಸುತ್ತಿದ್ದಳು. ಆಮೇಲೆ ಒಂದೊಂದಾಗಿ ಕಾಣೆಯಾದವು. ನಿನ್ನೆ ಎಣಿಸಿದರೆ 4. ಎರಡು ಸಲ ಸತ್ತ ಸೀಗಡಿಯನ್ನು ಟೆಟ್ರಾಗಳು ಕಿತ್ತು ತಿನ್ನುವುದನ್ನು ಕಣ್ಣಾರೆ ನೋಡಿದ್ದೇನೆ.

ಟೆಟ್ರಾಗಳನ್ನು ತೆಗೆದುಬಿಡಲಾ? ಅಥವಾ ಗೌರಾಮಿ ಮಾಡುತ್ತಿರುವ ಕೆಲಸವಾ? ಎರಡನ್ನೂ ಒಟ್ಟಿಗೆ ಸಾಕಲು ಸಾಧ್ಯವೇ ಇಲ್ವಾ?

ನೀಲಿಬಾಲ
ನನ್ನ ಅನುಭವ ನೇರವಾಗಿ ಹೇಳುತ್ತೇನೆ ಸರ್. ಬಾಯಿಗೆ ಹಿಡಿಸುವ ಯಾವುದನ್ನೂ ಮೀನು ಬಿಡುವುದಿಲ್ಲ. ನಾನು ಏಂಜೆಲ್ ಮೀನಿನ ಜೊತೆ ಸೀಗಡಿ ಬಿಟ್ಟು ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಕಳೆದುಕೊಂಡವನು. ಆಮೇಲೆ ಸೀಗಡಿಗೇ ಅಂತ ಬೇರೆ ತೊಟ್ಟಿ ಇಟ್ಟೆ. ನೆಮ್ಮದಿಯಾಗಿದ್ದೇನೆ. ನೀವೂ ಹಾಗೇ ಮಾಡಿ.

ಮಾಸ್‌ಗೂಡು
ನೀಲಿಬಾಲ ಅವರೇ, ಏಂಜೆಲ್ ಮೀನಿನ ವಿಷಯ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಇಲ್ಲಿ ಇರುವುದು ನಿಯಾನ್ ಟೆಟ್ರಾ. ಅದರ ಬಾಯಿ ಎಷ್ಟು ಚಿಕ್ಕದು ಅಲ್ವಾ? ಬೆಳೆದ ಚೆರ್ರಿ ಸೀಗಡಿ ಎರಡೂವರೆ ಸೆಂಟಿಮೀಟರ್ ಇರುತ್ತದೆ. ಅದನ್ನು ಹಿಡಿದು ಕೊಲ್ಲುವುದು ಟೆಟ್ರಾ ಕೈಲಿ ಆಗುವ ಮಾತಲ್ಲ. ಸತ್ತಿದ್ದನ್ನು ಕಿತ್ತು ತಿನ್ನುವುದು ಬೇರೆ, ಕೊಲ್ಲುವುದು ಬೇರೆ. ಸತ್ತಿದ್ದನ್ನು ಎಲ್ಲ ಮೀನೂ ತಿನ್ನುತ್ತದೆ, ಸೀಗಡಿಗಳೂ ತಿನ್ನುತ್ತವೆ.

ಹಸಿರುಗಾಜು ಅವರೇ, ಮೀನು ತೆಗೆಯುವ ಮುಂಚೆ ಇಷ್ಟು ಹೇಳಿ. ಯಾವ ನೀರು ಹಾಕುತ್ತೀರಿ? ವಾರಕ್ಕೆ ಎಷ್ಟು ಬದಲಾಯಿಸುತ್ತೀರಿ? ಜಿಎಚ್ (ನೀರಿನ ಗಡಸುತನ), ಕೆಎಚ್ (ಪಿಎಚ್ ಕುಸಿಯದಂತೆ ತಡೆಯುವ ಕಾರ್ಬೊನೇಟ್ ಅಂಶ) ನೋಡಿದ್ದೀರಾ? ಸತ್ತ ಸೀಗಡಿಯ ಕತ್ತಿನ ಹಿಂದೆ, ತಲೆಯ ಚಿಪ್ಪು ಮುಗಿದು ಬಾಲದ ಭಾಗ ಶುರುವಾಗುವ ಕಡೆ, ಸುತ್ತಲೂ ಬಿಳಿ ಉಂಗುರದ ಹಾಗೆ ಏನಾದರೂ ಇತ್ತಾ?

ಹಸಿರುಗಾಜು
ಅಕ್ಕ, ನೀವು ಕೇಳಿದ್ದು ಓದಿ ಮೈ ಜುಮ್ಮೆಂದಿತು. ಬಿಳಿ ಗೆರೆ ಇತ್ತು! ಒಂದರಲ್ಲಿ ಸ್ಪಷ್ಟವಾಗಿ ಕಂಡಿತ್ತು. ಟೆಟ್ರಾ ಕಚ್ಚಿದ ಗಾಯ ಅಂದುಕೊಂಡಿದ್ದೆ.

ನೀರಿನ ಕಥೆ ಹೀಗೆ. ನಮ್ಮ ನಲ್ಲಿ ನೀರು ಗಡಸು, ಜಿಎಚ್ 14. ಮೊದಲು ಅದನ್ನೇ ಕ್ಲೋರಿನ್ ತೆಗೆಯುವ ದ್ರವ ಹಾಕಿ ಬಳಸುತ್ತಿದ್ದೆ. ಸೀಗಡಿ ಬಂದ ಮೇಲೆ, ಅವು ತುಂಬಾ ಸೂಕ್ಷ್ಮ ಎಂದು ಯಾರೋ ಹೇಳಿದರು. ಅದಕ್ಕೇ ಅವುಗಳಿಗೋಸ್ಕರ ಆರ್‌ಒ ನೀರು ಶುರು ಮಾಡಿದೆ. ವಾರಕ್ಕೆ ಮೂರನೇ ಒಂದು ಭಾಗ ತೆಗೆದು ಶುದ್ಧ ಆರ್‌ಒ ತುಂಬುತ್ತೇನೆ. ಇದುವರೆಗೆ ಐದು ಸಲ ಆಗಿದೆ.

ಇವತ್ತು ಪರೀಕ್ಷೆ ಮಾಡಿದೆ. ಪಿಎಚ್ 6.4, ಜಿಎಚ್ 2, ಕೆಎಚ್ 1. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ. ನೈಟ್ರೇಟ್ 10. ನೀರಿನ ಉಷ್ಣತೆ 25 ಡಿಗ್ರಿ.

ಮಾಸ್‌ಗೂಡು
ಹಾಗಾದರೆ ಟೆಟ್ರಾಗಳ ತಪ್ಪೇನೂ ಇಲ್ಲ. ನೀವು ಪ್ರೀತಿಯಿಂದ ಮಾಡಿದ್ದೇ ಅವಕ್ಕೆ ತೊಂದರೆ ಕೊಟ್ಟಿದೆ. ಬೇಸರ ಮಾಡಿಕೊಳ್ಳಬೇಡಿ, ಸರಿ ಮಾಡಬಹುದು.

ಲೆಕ್ಕ ನೋಡಿ. ಜಿಎಚ್ ಅಂದರೆ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಪ್ರಮಾಣ. ಆರ್‌ಒ ನೀರಿನಲ್ಲಿ ಅದು ಹೆಚ್ಚುಕಮ್ಮಿ ಸೊನ್ನೆ. 14 ಇದ್ದದ್ದು ಮೊದಲ ಸಲಕ್ಕೆ 9ರ ಹತ್ತಿರ ಬಂತು. ಎರಡನೇ ಸಲಕ್ಕೆ 6. ಮೂರನೇ ಸಲಕ್ಕೆ 4. ನಾಲ್ಕಕ್ಕೆ 3ಕ್ಕಿಂತ ಕೆಳಗೆ, ಐದಕ್ಕೆ 2. ನಿಮ್ಮ ಪರೀಕ್ಷೆಯೂ ಅದನ್ನೇ ತೋರಿಸುತ್ತಿದೆ. ಮೊದಲ ಎರಡು ವಾರ ಸೀಗಡಿ ಚೆನ್ನಾಗಿದ್ದವು ಅಂದಿರಿ. ಆಗ ನೀರಿನಲ್ಲಿ ಇನ್ನೂ ಖನಿಜ ಇತ್ತು.

ಸೀಗಡಿ ಹಾವಿನ ಹಾಗೆ ಪೊರೆ ಬಿಟ್ಟು ಬೆಳೆಯುತ್ತದೆ. ಮರಿಗಳು ಬೇಗ ಬೇಗ ಬಿಡುತ್ತವೆ. ದೊಡ್ಡವು ಮೂರು ನಾಲ್ಕು ವಾರಕ್ಕೊಮ್ಮೆ. ಎಲ್ಲ ಸರಿ ಇದ್ದರೆ ತಲೆಚಿಪ್ಪು ಮತ್ತು ಬಾಲದ ನಡುವೆ ಬೆನ್ನಿನ ಮೇಲೆ ಮಾತ್ರ ಬಿರುಕು ಬಿಡುತ್ತದೆ. ಸೀಗಡಿ ಬಾಗಿ, ಒಂದು ಜಿಗಿತಕ್ಕೆ ಹೊರಗೆ ಬರುತ್ತದೆ. ಕ್ಷಣದ ಕೆಲಸ. ಖನಿಜ ಸಾಲದಿದ್ದರೆ, ಅಥವಾ ನೀರು ಒಮ್ಮೆಲೇ ಬದಲಾದರೆ, ಬಿರುಕು ಸುತ್ತಲೂ ಬೀಳುತ್ತದೆ. ಆಗ ಎಳೆದುಕೊಳ್ಳಲು ಹಿಡಿತವೇ ಸಿಗುವುದಿಲ್ಲ. ಅರ್ಧ ಬಿಟ್ಟ ಪೊರೆಯಲ್ಲೇ ಸಿಕ್ಕಿಹಾಕಿಕೊಂಡು ಸಾಯುತ್ತದೆ. ನೀವು ನೋಡಿದ ಬಿಳಿ ಉಂಗುರ ಅದೇ. ನನ್ನ ಮೊದಲ ತೊಟ್ಟಿಯಲ್ಲಿ ಒಂದು ಸೀಗಡಿ ಹೀಗೆ ಒದ್ದಾಡುವುದನ್ನು ನೋಡಿದ್ದೇನೆ. ಇವತ್ತಿಗೂ ನೆನಪಾದರೆ ಸಂಕಟವಾಗುತ್ತದೆ.

ನಿಯಾನ್ ಟೆಟ್ರಾಗೆ ಮೆದು ನೀರು ಇಷ್ಟ. ಅದಕ್ಕೇ ಅವು ಚೆನ್ನಾಗಿದ್ದವು, ನಿಮಗೆ ಅವುಗಳ ಮೇಲೆ ಅನುಮಾನ ಬಂತು.

ಈಗ ಮಾಡಬೇಕಾದದ್ದು. ಆತುರದಲ್ಲಿ ಒಮ್ಮೆಲೇ ನಲ್ಲಿ ನೀರು ಸುರಿಯಬೇಡಿ. ಕೆಳಗಿಳಿದದ್ದನ್ನು ಹಾಗೆ ಮೇಲೆತ್ತಿದರೂ ಪೊರೆಗೆ ಪೆಟ್ಟು. ಕ್ಲೋರಿನ್ ತೆಗೆದ ನಲ್ಲಿ ನೀರು ಅರ್ಧ, ಆರ್‌ಒ ಅರ್ಧ ಬೆರೆಸಿ. ಜಿಎಚ್ 7 ಸಿಗುತ್ತದೆ. ವಾರಕ್ಕೆ ಎರಡು ಸಲ, ಸಲಕ್ಕೆ 5 ಲೀಟರ್ ಮಾತ್ರ ಬದಲಾಯಿಸಿ. ಜಿಎಚ್ ಮೊದಮೊದಲು ಸಲಕ್ಕೆ ಅರ್ಧ ಡಿಗ್ರಿಯಷ್ಟು, ಆಮೇಲೆ ಅದಕ್ಕಿಂತ ಕಡಿಮೆ ಏರುತ್ತದೆ. ಒಂದು ತಿಂಗಳಲ್ಲಿ 5ರ ಹತ್ತಿರ ಬರುತ್ತೀರಿ. ಚೆರ್ರಿಗೆ 6ರಿಂದ 8 ಇದ್ದರೆ ಚೆನ್ನ, ಕೆಎಚ್ 2ಕ್ಕಿಂತ ಮೇಲೆ ಇರಲಿ. ಕೆಎಚ್ ತೀರಾ ಕಡಿಮೆ ಆದರೆ ಪಿಎಚ್ ಯಾವಾಗ ಕುಸಿಯುತ್ತದೋ ಹೇಳಲಾಗದು.

ಬೇರೆ ಸಮಯದಲ್ಲಿ ಆವಿಯಾಗಿ ಕಡಿಮೆಯಾದ ನೀರಿಗೆ ಮಾತ್ರ ಶುದ್ಧ ಆರ್‌ಒ ಹಾಕಿ. ನೀರು ಆವಿಯಾದರೂ ಖನಿಜ ಅಲ್ಲೇ ಉಳಿಯುತ್ತದಲ್ಲ, ಅದಕ್ಕೆ. ಇನ್ನೊಂದು ಮಾತು, ಬಿಟ್ಟ ಪೊರೆ ಕಂಡರೆ ತೆಗೆಯಬೇಡಿ. ಸೀಗಡಿಗಳು ಅದನ್ನೇ ತಿಂದು ಕ್ಯಾಲ್ಸಿಯಂ ವಾಪಸ್ ಪಡೆಯುತ್ತವೆ.

ನೀಲಿಬಾಲ
ಮಾಸ್‌ಗೂಡು ಅವರ ವಿವರಣೆ ಸರಿಯಾಗಿದೆ. ನಾನು ಅವಸರದಲ್ಲಿ ಮೀನಿನ ಮೇಲೆ ಹಾಕಿದೆ. ಆದರೂ ಒಂದು ವಿಷಯದಲ್ಲಿ ನನ್ನ ಮಾತು ಬಿಡುವುದಿಲ್ಲ. ದೊಡ್ಡ ಸೀಗಡಿ ಉಳಿಯುತ್ತದೆ, ಸರಿ. ಮರಿಗಳ ಗತಿ? ಹುಟ್ಟಿದಾಗ ಸೀಗಡಿ ಮರಿ 2 ಮಿಲಿಮೀಟರ್ ಇದ್ದರೆ ಹೆಚ್ಚು. ನಿಯಾನ್ ಟೆಟ್ರಾ, ಗಪ್ಪಿ, ಗೌರಾಮಿ ಎಲ್ಲಕ್ಕೂ ಅದು ಒಂದು ತುತ್ತು. ಬರೀ 2 ಸೆಂಟಿಮೀಟರ್ ಇರುವ ಚಿಲ್ಲಿ ರಾಸ್ಬೋರಾ, ಎಂಬರ್ ಟೆಟ್ರಾ ಕೂಡ ಆಗಷ್ಟೇ ಹುಟ್ಟಿದ ಮರಿ ಸಿಕ್ಕರೆ ತಿನ್ನುತ್ತವೆ. ಮರಿಗಳನ್ನು ಮುಟ್ಟದ ಮೀನು ಅಂತ ನಾನು ಧೈರ್ಯವಾಗಿ ಹೇಳುವುದು ಒಟೊಸಿಂಕ್ಲಸ್ ಒಂದನ್ನೇ. ಅದರ ಬಾಯಿ ಎಲೆ ಮತ್ತು ಗಾಜಿನ ಮೇಲಿನ ಪಾಚಿ ಕೆರೆಯಲು ಆದದ್ದು.

ಸಿಚ್ಲಿಡ್, ಲೋಚ್, ಪಫರ್ ಮೀನುಗಳ ಬಗ್ಗೆ ಹೇಳುವುದೇ ಬೇಡ. ಅವುಗಳ ಜೊತೆ ದೊಡ್ಡ ಸೀಗಡಿಯೂ ಉಳಿಯುವುದಿಲ್ಲ. ಬೆಟ್ಟಾ ಒಂದೊಂದು ಒಂದೊಂದು ತರಹ. ನನ್ನ ಸ್ನೇಹಿತನ ಬೆಟ್ಟಾ ಒಂದು ವರ್ಷ ಸುಮ್ನೆ ಇದ್ದು, ಆಮೇಲೆ ಒಂದು ವಾರದಲ್ಲಿ ಎಲ್ಲವನ್ನೂ ಮುಗಿಸಿತು.

ಹನಿ ಗೌರಾಮಿ ಎಲೆಗಳ ಮಧ್ಯೆ ನಿಧಾನಕ್ಕೆ ಹುಡುಕಿ ಹುಡುಕಿ ತಿನ್ನುವ ಮೀನು. ಮರಿ ಬೇಕು ಅಂತಿದ್ದರೆ ಗೌರಾಮಿಯನ್ನು ಬೇರೆ ಕಡೆ ಇಡಿ.

ಮಾಸ್‌ಗೂಡು
ಮರಿಗಳ ವಿಷಯ ಒಪ್ಪಿದೆ. ಆದರೆ ಗಿಡ ದಟ್ಟವಾಗಿದ್ದರೆ ಲೆಕ್ಕ ಬದಲಾಗುತ್ತದೆ. ಒಂದು ಹೆಣ್ಣು ಒಮ್ಮೆಗೆ 20ರಿಂದ 30 ಮೊಟ್ಟೆ ಹೊರುತ್ತದೆ. ಅದರಲ್ಲಿ ನಾಲ್ಕೈದು ಉಳಿದರೂ ಗುಂಪು ಬೆಳೆಯುತ್ತದೆ. ನನ್ನ ತೊಟ್ಟಿಯಲ್ಲಿ ಎಂಬರ್ ಟೆಟ್ರಾಗಳ ಜೊತೆಗೇ ಮೂರು ವರ್ಷದಿಂದ ಸೀಗಡಿಗಳು ಹೆಚ್ಚುತ್ತಾ ಬಂದಿವೆ.

ಗುಟ್ಟು ಇರುವುದು ಮಾಸ್‌ನಲ್ಲಿ. ಹಿಡಿಯಷ್ಟು ಸಾಲದು, ಬೊಗಸೆ ಬೊಗಸೆ ಬೇಕು. ಮೀನು ತಲೆ ತೂರಿಸಲಾಗದಷ್ಟು ದಟ್ಟ. ಮೇಲೆ ತೇಲುವ ಅಂತರಗಂಗೆ ಬಿಟ್ಟರೆ ಅದರ ಬೇರುಗಳು ಗಡ್ಡದ ಹಾಗೆ ಇಳಿದು ಮರಿಗಳಿಗೆ ಮನೆಯಾಗುತ್ತವೆ. ಚಿಕ್ಕ ಕಲ್ಲುಗಳ ಗುಡ್ಡೆ ಮಾಡಿ, ಸಂದುಗಳು ಬೆರಳು ಹೋಗದಷ್ಟು ಕಿರಿದಾಗಿರಲಿ. ಒಣಗಿದ ಕಾಡುಬಾದಾಮಿ ಎಲೆ ಒಂದೆರಡು ಹಾಕಿ. ಎಲೆ ಕೊಳೆಯುತ್ತಾ ಅದರ ಮೇಲೆ ಲೋಳೆಯಂಥ ಪದರ ಕಟ್ಟುತ್ತದೆ, ಬಯೋಫಿಲ್ಮ್ ಅನ್ನುತ್ತಾರಲ್ಲ, ಅದೇ. ಮರಿಗಳ ಮೊದಲ ಆಹಾರ ಅದು. ದೂರ ಈಜಿ ಹೋಗದೆ, ಕೂತಲ್ಲೇ ಮೇಯುತ್ತವೆ.

ನಿಮ್ಮ ಫಿಲ್ಟರ್ ಯಾವುದು? ನೀರು ಹೀರುವ ಬಾಯಿಗೆ ಸ್ಪಂಜ್ ಹಾಕಿಲ್ಲದಿದ್ದರೆ ಇವತ್ತೇ ಹಾಕಿ. ಮೀನು ತಿಂದಿತು ಅಂದುಕೊಂಡ ಎಷ್ಟೋ ಮರಿಗಳು ಫಿಲ್ಟರ್ ಒಳಗೆ ಸಿಗುತ್ತವೆ.

ಹನಿಹನಿ
ಚರ್ಚೆ ಓದುತ್ತಾ ನನ್ನ ಕಥೆ ಹೇಳಲೇಬೇಕು ಅನ್ನಿಸಿತು. ಮೀನು ಮತ್ತು ಸೀಗಡಿ ಒಟ್ಟಿಗೆ ಸಾಕುವವರು ಒಂದು ದಿನ ಈ ಕಷ್ಟಕ್ಕೆ ಬಂದೇ ಬರುತ್ತಾರೆ. ಮೀನಿಗೆ ಕಾಯಿಲೆ ಬರುತ್ತದೆ, ಔಷಧಿ ಹಾಕಬೇಕು. ಆಗ ಏನು ಮಾಡುವುದು?

ನನ್ನ ಟೆಟ್ರಾಗಳಿಗೆ ಬಿಳಿ ಚುಕ್ಕೆ ರೋಗ ಬಂತು. ಮೈಮೇಲೆ ಉಪ್ಪು ಚಿಮುಕಿಸಿದ ಹಾಗೆ. ಅಂಗಡಿಯಲ್ಲಿ ಕೊಟ್ಟ ಔಷಧಿ ನೇರ ತೊಟ್ಟಿಗೆ ಹಾಕಿದೆ. ಮೀನು ಉಳಿದವು. ಮರುದಿನ ಬೆಳಿಗ್ಗೆ ನಲವತ್ತು ಸೀಗಡಿ ನೆಲದಲ್ಲಿ ಮಲಗಿದ್ದವು. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ತಾಮ್ರದ ಸಲ್ಫೇಟ್ ಅಂತ ಇತ್ತು. ಮೀನು ತಡೆಯುವಷ್ಟು ತಾಮ್ರ ಸೀಗಡಿಗೆ ವಿಷ. ಗಿಡದ ಗೊಬ್ಬರದಲ್ಲಿರುವ ಲವಲೇಶ ತಾಮ್ರಕ್ಕೆ ಹೆದರಬೇಕಿಲ್ಲ, ಹೇಳಿದ ಅಳತೆಯಲ್ಲಿ ಹಾಕಿದರೆ ಸಾಕು. ಔಷಧಿಯದು ಬೇರೆ ಮಟ್ಟ.

ಈಗ ನಾನು ಒಂದು ಖಾಲಿ ಟಬ್, ಚಿಕ್ಕ ಸ್ಪಂಜ್ ಫಿಲ್ಟರ್ ಯಾವಾಗಲೂ ಸಿದ್ಧ ಇಟ್ಟಿರುತ್ತೇನೆ. ರೋಗ ಕಂಡರೆ ಎಲ್ಲ ಮೀನನ್ನೂ ಹಿಡಿದು ಅಲ್ಲಿಗೆ ಹಾಕಿ, ಅಲ್ಲೇ ಔಷಧಿ. ಬಿಳಿ ಚುಕ್ಕೆಯ ಪರಾವಲಂಬಿಗೆ ಮೀನಿನ ಮೈ ಬೇಕೇ ಬೇಕು. ಮೀನಿಲ್ಲದ ತೊಟ್ಟಿಯಲ್ಲಿ ಅದು ಹೆಚ್ಚು ದಿನ ಬದುಕುವುದಿಲ್ಲ. ಸೀಗಡಿಗಳು ತಮ್ಮ ಪಾಡಿಗೆ ಅಲ್ಲೇ ಇರುತ್ತವೆ.

ಹೊಸ ಗಿಡದ ಬಗ್ಗೆಯೂ ಎಚ್ಚರ ಇರಲಿ. ಬೆಳೆಸುವ ಕಡೆ ಕೀಟನಾಶಕ ಹೊಡೆದಿರಬಹುದು. ಮೀನಿಗೆ ಏನೂ ಆಗದೆ ಸೀಗಡಿ ಮಾತ್ರ ಸಾಯುತ್ತವೆ. ನಾನು ಬಕೆಟ್‌ನಲ್ಲಿ ಒಂದು ವಾರ ನೆನೆಸಿ, ದಿನಾ ನೀರು ಚೆಲ್ಲಿ, ಆಮೇಲೆ ಹಾಕುತ್ತೇನೆ.

ಸಂಜೆಬೆಳಕು
ನಾನು ಹೊಸಬಳು, ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೂರು ಪ್ರಶ್ನೆ. ಕೆಂಪು, ನೀಲಿ, ಹಳದಿ ಸೀಗಡಿ ಒಟ್ಟಿಗೆ ಬಿಡಬಹುದಾ? ಅಮಾನೊ ಸೀಗಡಿ ಮೊಟ್ಟೆ ಹೊತ್ತಿದೆ, ಮರಿ ಯಾಕೆ ಬರುತ್ತಿಲ್ಲ? ಗಿಡಗಳಿಗೆ ಅಂತ ಇಂಗಾಲದ ಡೈಆಕ್ಸೈಡ್ ಬಿಡುವ ತೊಟ್ಟಿಯಲ್ಲಿ ಸೀಗಡಿ ಇರುತ್ತವಾ?

ಮಾಸ್‌ಗೂಡು
ತಪ್ಪೇನಿಲ್ಲ ಕಣಮ್ಮಾ, ಕೇಳು. ಆ ಮೂರು ಬಣ್ಣವೂ ಚೆರ್ರಿ ಸೀಗಡಿಯ ಕುಲವಾದ ನಿಯೋಕ್ಯಾರಿಡಿನಾ ಆಗಿದ್ದರೆ ಎಲ್ಲ ಒಂದೇ ಜಾತಿ. ಜಗಳ ಆಡುವುದಿಲ್ಲ, ಆದರೆ ಬಣ್ಣ ಬೇರೆಯಾದರೂ ಒಂದರೊಡನೊಂದು ಕೂಡುತ್ತವೆ. ಕೆಲವು ತಲೆಮಾರಿನಲ್ಲಿ ಮರಿಗಳು ಕಂದು ಬಣ್ಣಕ್ಕೆ, ಅಂದರೆ ಕಾಡಿನಲ್ಲಿರುವ ಮೂಲ ಬಣ್ಣಕ್ಕೆ ತಿರುಗುತ್ತವೆ. ಒಂದು ತೊಟ್ಟಿಗೆ ಒಂದು ಬಣ್ಣ ಇರಲಿ.

ಅಮಾನೊ ಮೊಟ್ಟೆ ಒಡೆಯುತ್ತದೆ. ಆದರೆ ಅದರ ಲಾರ್ವಾಗಳಿಗೆ ಉಪ್ಪು ನೀರು ಬೇಕು. ಸಿಹಿನೀರಿನಲ್ಲಿ ಕೆಲವೇ ದಿನದಲ್ಲಿ ಸಾಯುತ್ತವೆ. ಹುಟ್ಟಿನ ಜಾಗದಲ್ಲಿ ಅವು ಹೊಳೆಯಲ್ಲಿ ತೇಲಿ ಸಮುದ್ರ ಸೇರಿ, ಬೆಳೆದ ಮೇಲೆ ಮತ್ತೆ ಮೇಲೆ ಬರುತ್ತವೆ. ಎಂಥ ಪಯಣ ಅಲ್ವಾ? ಗಿಡದ ತೊಟ್ಟಿಗೆ ಒಂದು ಹೊಸ ರೂಪ ಕೊಟ್ಟ ಜಪಾನಿನ ತಕಾಶಿ ಅಮಾನೊ, 1954ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡರು, ಅವರ ಹೆಸರೇ ಈ ಸೀಗಡಿಗೆ. ಪಾಚಿ ತಿನ್ನಲು ಇದನ್ನು ತೊಟ್ಟಿಗೆ ತಂದವರು ಅವರೇ. 4-5 ಸೆಂಟಿಮೀಟರ್ ಬೆಳೆಯುವುದರಿಂದ ಮೀನಿನ ಜೊತೆ ಇಡಲು ಚೆರ್ರಿಗಿಂತ ಗಟ್ಟಿ.

ಮೂರನೆಯದಕ್ಕೆ ಹನಿಹನಿ ಅವರು ಹೇಳಲಿ. ನನ್ನದು ಗ್ಯಾಸ್ ಇಲ್ಲದ ತೊಟ್ಟಿ.

ಹನಿಹನಿ
ಇರುತ್ತವೆ, ನನ್ನ ಬಳಿ ಇವೆ. ನೀರಿನಲ್ಲಿ ಗ್ಯಾಸ್ ಎಷ್ಟಿದೆ ಅಂತ ಬಣ್ಣದಿಂದ ತೋರಿಸುವ ಡ್ರಾಪ್ ಚೆಕರ್ ಹಸಿರು ಇರಬೇಕು. ಹಳದಿಗೆ ತಿರುಗಿದರೆ ಗ್ಯಾಸ್ ಜಾಸ್ತಿ. ಸೀಗಡಿಗಳು ಮೇಯುವುದು ಬಿಟ್ಟು ನೀರಿನ ಮೇಲ್ಭಾಗಕ್ಕೆ ಹತ್ತಿದರೆ ತಕ್ಷಣ ನಿಲ್ಲಿಸಿ, ಗಾಳಿ ಪಂಪ್ ಹಾಕಿ. ಲೈಟ್ ಆರುವ ಒಂದು ಗಂಟೆ ಮುಂಚೆ ಗ್ಯಾಸ್ ಬಂದ್ ಮಾಡಿ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ.

ಹಸಿರುಗಾಜು
ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ಅಕ್ಕ ಹೇಳಿದ ಲೆಕ್ಕದಂತೆ ಎಂಟು ಸಲ ಬದಲಾಯಿಸಿದೆ. ಜಿಎಚ್ 5, ಕೆಎಚ್ 3. ಮೂರು ವಾರದಿಂದ ಒಂದೂ ಸತ್ತಿಲ್ಲ! ನಾಲ್ಕೂ ಪೊರೆ ಬಿಟ್ಟಿವೆ. ಗಾಜಿನಂಥ ಖಾಲಿ ಪೊರೆ ಕಂಡಾಗ ಮೊದಲು ಎದೆ ಧಸಕ್ಕೆಂದಿತ್ತು, ಸತ್ತ ಸೀಗಡಿ ಅಂದುಕೊಂಡು. ಹತ್ತಿರದಿಂದ ನೋಡಿದರೆ ಬೆನ್ನಿನ ಮೇಲೆ ಮಾತ್ರ ಬಿರುಕು.

ಮಾಸ್ ಈಗ ತೊಟ್ಟಿಯ ಕಾಲು ಭಾಗ ಇದೆ. ಫಿಲ್ಟರ್ ಬಾಯಿಗೆ ಸ್ಪಂಜ್ ಹಾಕಿದೆ. ಅಂತರಗಂಗೆ ಬಿಟ್ಟಿದ್ದೇನೆ.

ಇನ್ನೊಂದು ಸುದ್ದಿ. ದೊಡ್ಡ ಹೆಣ್ಣಿನ ಹೊಟ್ಟೆ ಕೆಳಗೆ ಹಳದಿ ಮೊಟ್ಟೆಗಳು! ಕಾಲುಗಳಿಂದ ಬೀಸಣಿಗೆ ಬೀಸಿದ ಹಾಗೆ ಬೀಸುತ್ತಾ ಕೂತಿರುತ್ತದೆ. ಮಗಳು ಅದನ್ನು ಬಿಟ್ಟು ಕದಲುತ್ತಿಲ್ಲ. ಈಗ ಗೌರಾಮಿ ತೆಗೆಯಲಾ?

ನೀಲಿಬಾಲ
ತುಂಬಾ ಖುಷಿಯಾಯಿತು ಸರ್. ಇರುವುದೇ ನಾಲ್ಕು ಸೀಗಡಿ. ಈ ಮೊದಲ ಸಂಸಾರಕ್ಕಾದರೂ ಗೌರಾಮಿ ತೆಗೆಯಿರಿ. 25 ಡಿಗ್ರಿಯಲ್ಲಿ ಮೊಟ್ಟೆಗೆ ಮೂರು ನಾಲ್ಕು ವಾರ ಬೇಕು. ಮೊಟ್ಟೆಯಲ್ಲಿ ಕಪ್ಪು ಚುಕ್ಕೆಗಳಂತೆ ಕಣ್ಣು ಕಂಡರೆ ಹತ್ತಿರ ಬಂತು ಅಂತ. ಆ ಹೆಣ್ಣನ್ನು ಮಾತ್ರ ಬಲೆಯಲ್ಲಿ ಹಿಡಿದು ಬೇರೆ ಕಡೆ ಹಾಕಬೇಡಿ, ಹೆದರಿ ಮೊಟ್ಟೆ ಉದುರಿಸಬಹುದು.

ಮಾಸ್‌ಗೂಡು
ಈ ಸಲ ನಾನೂ ನೀಲಿಬಾಲ ಅವರ ಕಡೆ. ಗುಂಪು ದೊಡ್ಡದಿದ್ದರೆ ಗೌರಾಮಿ ಇರಲಿ ಅನ್ನುತ್ತಿದ್ದೆ. ನಾಲ್ಕೇ ಇರುವಾಗ ಒಂದೊಂದು ಮರಿಯೂ ಮುಖ್ಯ.

ಟೆಟ್ರಾಗಳಿಗೆ ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಕೊಡಿ, ಹಸಿವಿನಲ್ಲಿ ಹುಡುಕಾಡುವುದು ಕಡಿಮೆಯಾಗುತ್ತದೆ. ಹಾಗಂತ ಉಳಿಯುವಷ್ಟು ಹಾಕಬೇಡಿ. ಉಳಿದ ಆಹಾರಕ್ಕೆ ಪ್ಲನೇರಿಯಾ ಎಂಬ ಚಪ್ಪಟೆ ಹುಳು ಹೆಚ್ಚುತ್ತದೆ. ಬಾಣದ ತುದಿಯಂಥ ತಲೆ ಇರುತ್ತದೆ, ಮರಿಗಳನ್ನು ಹಿಡಿಯುತ್ತದೆ. ಅದಕ್ಕೆ ಅಡಿಕೆ ಸತ್ವದ ಪುಡಿ ಸಿಗುತ್ತದೆ. ಸೀಗಡಿಗೆ ತೊಂದರೆ ಇಲ್ಲ, ಬಸವನಹುಳುಗಳಿಗೆ ಆಗಿಬರುವುದಿಲ್ಲ. ಪುಡಿಯ ತನಕ ಹೋಗದ ಹಾಗೆ ನೋಡಿಕೊಂಡರೆ ಒಳ್ಳೆಯದು.

ಹೊಸ ಸೀಗಡಿ ತರುವುದಾದರೆ ಜಿಎಚ್ 6 ಮುಟ್ಟಲಿ. ತಂದಾಗ ಚೀಲದ ನೀರಿನ ಸಮೇತ ಬಕೆಟ್‌ಗೆ ಹಾಕಿ, ಗಾಳಿ ಕೊಳವೆಗೆ ಗಂಟು ಹಾಕಿ ತೊಟ್ಟಿಯ ನೀರು ಹನಿ ಹನಿಯಾಗಿ ಬೀಳಲಿ. ಸೆಕೆಂಡಿಗೆ ಎರಡು ಮೂರು ಹನಿ, ಒಂದೂವರೆ ಗಂಟೆ. ಆಮೇಲೆ ಸೀಗಡಿ ಮಾತ್ರ ಎತ್ತಿ ಬಿಡಿ, ಚೀಲದ ನೀರು ಬೇಡ.

ಹಸಿರುಗಾಜು
ಗೌರಾಮಿ ಜೋಡಿಯನ್ನು ತಮ್ಮನ ತೊಟ್ಟಿಗೆ ಕಳಿಸಿದೆ. ಅಲ್ಲಿ ಚೆನ್ನಾಗಿವೆ.

ಮೊನ್ನೆ ಹೆಣ್ಣಿನ ಹೊಟ್ಟೆ ಖಾಲಿಯಾಗಿತ್ತು. ಎರಡು ದಿನ ಎಲ್ಲೂ ಏನೂ ಕಾಣಲಿಲ್ಲ. ಟೆಟ್ರಾಗಳನ್ನು ನೋಡಿದಾಗೆಲ್ಲ ಹಳೇ ಅನುಮಾನ ಮತ್ತೆ ಬರುತ್ತಿತ್ತು. ನಿನ್ನೆ ರಾತ್ರಿ ಲೈಟ್ ಆರಿಸಿ ಒಂದು ಗಂಟೆ ಬಿಟ್ಟು ಮಗಳು ಟಾರ್ಚ್ ಹಿಡಿದಳು. ಮಾಸ್‌ನ ಎಳೆಯ ಮೇಲೆ ಒಂದು ಅಕ್ಷರದ ಕೊಂಬಿನಷ್ಟು ಚಿಕ್ಕದು ನಡೆಯುತ್ತಿತ್ತು. ಬಣ್ಣವೇ ಇಲ್ಲ, ಕಣ್ಣು ಮಾತ್ರ ಕಪ್ಪು. ಅಂತರಗಂಗೆಯ ಬೇರಿನಲ್ಲಿ ಇನ್ನೆರಡು. ಬಾದಾಮಿ ಎಲೆ ಕೆಳಗೆ ಒಂದು. ಒಟ್ಟು ಏಳು ಎಣಿಸಿದಳು, ನನಗೆ ಆರು ಸಿಕ್ಕವು.

ಈ ವಾರ ಮಾಸ್ ಕತ್ತರಿಸಬೇಕಿತ್ತು. ಮುಂದಕ್ಕೆ ಹಾಕಿದ್ದೇನೆ. ನೀರು ತೆಗೆಯುವ ಪೈಪಿನ ಬಾಯಿಗೆ ಹಳೇ ಕಾಲುಚೀಲ ಕಟ್ಟಿದ್ದೇನೆ. ಆದರೂ ತೆಗೆದ ನೀರನ್ನು ಬಿಳಿ ಬಕೆಟ್‌ನಲ್ಲಿ ಹಿಡಿದು, ಚೆಲ್ಲುವ ಮುಂಚೆ ಮಗಳು ಒಮ್ಮೆ ನೋಡುತ್ತಾಳೆ.